ನಮ್ಮ ಮೇಸ್ತ್ರಿಯ ಲೆವೆಲ್ಲು

ಲೆವೆಲ್ ಅನ್ನೋ ಮಾತು ಕಿವಿಗೆ ಬೀಳದ ದಿನ ನನ್ನ ಪಾಲಿಗಿಲ್ಲ. ಬಿದ್ದ ದಿನ ಏನಾದರೊಂದು ಎಡವಟ್ಟು ಆಗದೆ ಇರೋದೂ ಇಲ್ಲ. ಬಸ್ಸಲ್ಲಿ ಕೂತರೆ ಹಿಂದಿನ ಸೀಟಿನವನು 'ಅವನ ಲೆವೆಲ್ಲೇ ಬೇರೆ ಬಿಡು ಮಗಾ' ಅಂತಿರ್ತಾನೆ. ಮದುವೆಮನೆಗೆ ಹೋದರೆ ಯಾರೋ ದೊಡ್ಡಮ್ಮ 'ನಮ್ಮ ಲೆವೆಲ್ಲಿಗೆ ಆ ಸಂಬಂಧ ಸರಿಹೋಗ್ತಿರಲಿಲ್ಲ' ಅಂತ ಮೂಗು ಮುರೀತಿರ್ತಾರೆ. ಮನೆಗೆ ಬಂದರೆ 'ಟ್ಯಾಂಕಲ್ಲಿ ನೀರಿನ ಲೆವೆಲ್ ನೋಡ್ಬಾರೇ'. ಇಷ್ಟು ಸಾಲದು ಅಂತ ಹೊಟ್ಟೆಪಾಡಿಗೆ ನಾನು ಹಿಡಿದ ಕೆಲಸವೂ ಅದೇ, ಲೆವೆಲ್ ಮಾಡೋದು.

ನಮ್ಮದು ಮಾಕಳಿಯಲ್ಲಿರೋ ಒಂದು ಸಣ್ಣ ಕಂಪನಿ. ಯಜಮಾನರನ್ನೂ ಸೇರಿಸಿ ಹನ್ನೆರಡು ಜನ. ಯಾವುದಾದರೂ ಫ್ಯಾಕ್ಟರಿಗೆ ಹೊಸ ಮಷೀನ್ ಬಂದರೆ ಅದನ್ನ ಲಾರಿಯಿಂದ ಇಳಿಸಿ, ಜಾಗದಲ್ಲಿ ಕೂರಿಸಿ, ಕೂದಲೆಳೆಯಷ್ಟೂ ವಾಲದ ಹಾಗೆ ಮಟ್ಟ ಮಾಡಿಕೊಡೋದು ನಮ್ಮ ಕೆಲಸ. ಮಟ್ಟ ನೋಡೋಕೆ ಗೇಣುದ್ದದ ಒಂದು ಕಬ್ಬಿಣದ ಪಟ್ಟಿ ಇರುತ್ತೆ. ಅದರ ನೆತ್ತಿಯಲ್ಲಿ ಸಣ್ಣ ಗೆರೆ ಕೊರೆದ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಮಷೀನ್ ಮಟ್ಟವಾಗಿದೆ ಅಂತ ಅರ್ಥ. ಆ ಪಟ್ಟಿಯ ಹೆಸರೂ ಲೆವೆಲ್ಲೇ.

ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿದಾಗ ನಮ್ಮಮ್ಮ ಕೇಳಿದ್ಲು, "ಏನೇ ನಿನ್ ಕೆಲ್ಸ?"

"ಮಷೀನು ಒಂದು ಕಡೆ ವಾಲದಂಗೆ ನೋಡ್ಕೊಳ್ಳೋದು."

"ಅಷ್ಟಕ್ಕೆ ಮೂರು ವರ್ಸ ಓದಿದ್ಯಾ? ಅಡೀಗೊಂದು ಕಲ್ ಕೊಟ್ರೆ ಆಗಾಕಿಲ್ವಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದೆ. ಆದರೆ ಆ ಕೆಲಸ ನನಗೆ ಎಷ್ಟು ಗೊತ್ತಿತ್ತು ಅನ್ನೋದು ಮೂರನೇ ದಿನಕ್ಕೇ ಗೊತ್ತಾಯ್ತು.

೧. ನನ್ನನ್ನೂ ಸೇರಿಸಿ ಲೆವೆಲ್ಲು

ನನ್ನನ್ನ ಪೀಣ್ಯದ ಒಂದು ಶೆಡ್ಡಿಗೆ ಕಳಿಸಿದ್ರು. ಜೊತೆಗೆ ನಮ್ಮ ಮೇಸ್ತ್ರಿ. ಗದಗದ ಕಡೆಯವರು, ಆಗ ನಲವತ್ತರ ಆಸುಪಾಸು. ಹೆಗಲ ಮೇಲೊಂದು ಟವೆಲ್ಲು, ಬಾಯಲ್ಲಿ ಎಲೆ ಅಡಿಕೆ, ಮಾತು ಕಮ್ಮಿ. ಇವರು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರಂತೆ ಅಂತ ನನಗೆ ಯಾರೋ ಹೇಳಿದ್ದರು. ಹಾಗಾಗಿ ನಾನು ಅವರನ್ನ ಒಂದು ಮಾತೂ ಕೇಳಲಿಲ್ಲ. ನಾನು ಓದಿದವಳು ನೋಡಿ!

ಒಂದು ಸಣ್ಣ ಲೇಥ್ ಮಷೀನು. ಲೆವೆಲ್ ಇಟ್ಟೆ, ಬೋಲ್ಟ್ ತಿರುವಿದೆ, ಗುಳ್ಳೆ ನಡುವಿಗೆ ಬಂತು. ಎದ್ದು ಹೋಗಿ ಪುಸ್ತಕದಲ್ಲಿ ಬರೆದು ವಾಪಸ್ ಬಂದು ನೋಡಿದ್ರೆ ಗುಳ್ಳೆ ಓಡಿಹೋಗಿದೆ. ಮತ್ತೆ ತಿರುವಿದೆ, ಮತ್ತೆ ಬಂತು. ಬರೆದು ಬರೋಷ್ಟರಲ್ಲಿ ಮತ್ತೆ ಇಲ್ಲ. ನೆಲ ಕುಸೀತಿದೆಯಾ ಅಂತ ನೋಡಿದೆ. ಪಕ್ಕದ ಶೆಡ್ಡಿನ ಪ್ರೆಸ್ ಮಷೀನ್ ನೆಲ ಅದುರಿಸ್ತಿದೆಯಾ ಅಂತ ಹೋಗಿ ಅದನ್ನ ನಿಲ್ಲಿಸೋಕೆ ಹೇಳಿ ಬೈಸಿಕೊಂಡು ಬಂದೆ. ಮಧ್ಯಾಹ್ನ ಊಟದ ಹೊತ್ತಾಯ್ತು. ನನ್ನ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಮೇಸ್ತ್ರಿ ಅಲ್ಲೇ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡ್ತಾನೇ ಇದ್ದರು. ಕೊನೆಗೆ ನಾನೇ ಸೋತು, "ಏನಾಗಿದೆ ಮೇಸ್ತ್ರಿ ಇದಕ್ಕೆ?" ಅಂದೆ.

ಅವರು ಎದ್ದು ಹೊರಗೆ ಹೋಗಿ ಬಾಯಿ ಖಾಲಿ ಮಾಡಿಕೊಂಡು ಬಂದು ಕೈ ಮುಗಿದಂಗೆ ಮಾಡಿ ಹೇಳಿದ್ರು, "ಮಷೀನ್ ಲೆವೆಲ್ ಆಗೈತ್ರಿ ಮೇಡಮ್ಮಾರ. ಆದ್ರ ಗುಳ್ಳಿ ನೋಡುವಾಗ ನೀವು ಅದರ ಅಂಚಿನ ಮ್ಯಾಲನ ಕುಂದರತೀರಿ. ನಿಮ್ಮನ್ನೂ ಸೇರಿಸಿ ಲೆವೆಲ್ ಆಗೈತಿ. ಇನ್ನ ಮ್ಯಾಲ ಅವರು ಮಷೀನ್ ಓಡಿಸುವಾಗೆಲ್ಲ ನೀವು ಬಂದು ಕುಂದರಬೇಕಾಗತೈತಿ ನೋಡ್ರಿ."

೨. ನಡೆದಾಡೋ ಗ್ರೈಂಡರ್

ಅವತ್ತಿಂದ ನಾನು ಅವರ ಶಿಷ್ಯೆ. ಬೋಲ್ಟನ್ನ ಯಾವ ಕ್ರಮದಲ್ಲಿ ಬಿಗಿ ಮಾಡಬೇಕು, ಎಲ್ಲಿ ನಿಂತು ಗುಳ್ಳೆ ನೋಡಬೇಕು, ಬಿಸಿಲು ಬಿದ್ದ ಮಷೀನನ್ನ ಯಾಕೆ ಮುಟ್ಟಬಾರದು, ಎಲ್ಲಾ ಅವರೇ ಹೇಳಿಕೊಟ್ಟಿದ್ದು. ಕಾಲೇಜಲ್ಲಿ ಮೂರು ವರ್ಷ ಕಲಿತಿದ್ದನ್ನ ಮರೆಯೋಕೆ ಆರು ತಿಂಗಳು ಹಿಡೀತು.

ಈ ನಡುವೆ ನಮ್ಮನೆ ಗ್ರೈಂಡರ್ ನಡೆಯೋಕೆ ಶುರು ಮಾಡ್ತು. ಅಮ್ಮ ಅಕ್ಕಿ ಉದ್ದು ಹಾಕಿ ಸ್ವಿಚ್ ಒತ್ತಿದ್ರೆ ಸಾಕು, ಗಡಗಡ ಅಂತ ಅಡುಗೆಮನೆಯಿಂದ ಹೊರಟು ಹಿತ್ತಲ ಬಾಗಿಲ ತನಕ ಬಂದು ವೈರು ಎಳೆದುಕೊಂಡು ನಿಂತುಬಿಡೋದು. 'ಇದಕ್ಕೇನೋ ಗಾಳಿ ಸೇರ್ಕೊಂಡದೆ' ಅಂತ ಅಮ್ಮ ನಿಂಬೆಹಣ್ಣು ನಿವಾಳಿಸಿದಳು. ನನ್ನ ಮರ್ಯಾದೆಯ ಪ್ರಶ್ನೆ ಇದು ಅಂತ ನಾನು ಆಫೀಸಿಂದ ಲೆವೆಲ್ ತಂದೆ. ಗ್ರೈಂಡರಿನ ಕಲ್ಲಿನ ಮೇಲಿಟ್ಟೆ, ಕೆಳಗೆ ಪೇಪರ್ ಮಡಚಿಟ್ಟೆ, ಗುಳ್ಳೆ ಸರಿಯಾಗಿ ನಡುವಿಗೆ ತಂದೆ. ಸ್ವಿಚ್ ಹಾಕಿದ್ರೆ ಗ್ರೈಂಡರ್ ಈ ಸಲ ಹಿತ್ತಲಿಗೆ ಹೋಗಲಿಲ್ಲ, ದೇವರ ಮನೆಗೆ ಹೋಯ್ತು.

ಭಾನುವಾರ ಮೇಸ್ತ್ರಿ ಏನೋ ಕೆಲಸಕ್ಕೆ ಮನೆ ಹತ್ರ ಬಂದಿದ್ದರು. ಅಮ್ಮ ಕಾಫಿ ಕೊಟ್ಟು ಕಷ್ಟ ಹೇಳಿಕೊಂಡಳು. ಅವರು ಲೆವೆಲ್ಲೂ ಕೇಳಲಿಲ್ಲ ಏನೂ ಕೇಳಲಿಲ್ಲ. ಓಡ್ತಿರೋ ಗ್ರೈಂಡರ್ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಂತರು. ಆಮೇಲೆ ಅದನ್ನ ಒರಗಿಸಿ ನೋಡಿದ್ರು. ನಾಲ್ಕು ಕಾಲಿನ ರಬ್ಬರ್ ಬಿಲ್ಲೆಗಳಲ್ಲಿ ಒಂದು ಸವೆದು ಹೋಗಿತ್ತು. ಬಾಗಿಲಲ್ಲಿ ಬಿದ್ದಿದ್ದ ಹಳೇ ಹವಾಯಿ ಚಪ್ಪಲಿಯಿಂದ ಒಂದು ಬಿಲ್ಲೆ ಕೊಯ್ದು ಅಲ್ಲಿ ಸಿಕ್ಕಿಸಿದ್ರು. ಗ್ರೈಂಡರ್ ಸತ್ತಂಗೆ ನಿಂತ್ಕೊಂಡು ರುಬ್ಬಿತು.

ಅಮ್ಮ ನನ್ನ ಕಡೆ ತಿರುಗಿ ಅಂದ್ಲು, "ನೋಡು, ಆಯಪ್ಪ ಒಂದು ಅವಾಯ್ ಚಪ್ಲೀಲಿ ಮಾಡಿದ್ರು. ನೀನು ಮೂರ್ ವರ್ಸ ಚಪ್ಲಿ ಸವೆಸಿದ್ಯಲ್ಲ, ಏನ್ ಬಂತು?"

೩. ವೈಟ್‌ಫೀಲ್ಡಿನ ಚಾಂಪಿಯನ್

ನಮ್ಮ ಕಂಪನಿ ಯಜಮಾನರಿಗೆ ವೈಟ್‌ಫೀಲ್ಡಿನ ಒಂದು ದೊಡ್ಡ ಅಪಾರ್ಟ್‌ಮೆಂಟಲ್ಲಿ ಒಬ್ಬರು ಸ್ನೇಹಿತರು. ಅಲ್ಲಿನ ಕ್ಲಬ್‌ಹೌಸಿನ ಸೆಕ್ರೆಟರಿ. 'ನಮ್ಮ ಬಿಲಿಯರ್ಡ್ಸ್ ಟೇಬಲ್ ಸ್ವಲ್ಪ ವಾಲಿದೆ ಅಂತ ಎಲ್ಲರೂ ಗೊಣಗ್ತಾರೆ, ನಿಮ್ಮವರನ್ನ ಕಳಿಸಿ' ಅಂದರಂತೆ. ನಾನೂ ಮೇಸ್ತ್ರಿನೂ ಹೋದ್ವಿ.

ಸೆಕ್ರೆಟರಿ ಸಾಹೇಬರು ನಮ್ಮನ್ನ ನಿಲ್ಲಿಸಿಕೊಂಡು ಅರ್ಧ ಗಂಟೆ ಆಟದ ಬಗ್ಗೆ ಹೇಳಿದ್ರು. ಮೂರು ವರ್ಷದಿಂದ ಇಲ್ಲಿ ಅವರೇ ಚಾಂಪಿಯನ್ ಅಂತೆ. ಗೋಡೆಯ ಮೇಲೆ ಮೂರು ಫೋಟೋ, ಮೂರರಲ್ಲೂ ಅವರೇ. "ನೋಡಿ ಮೇಡಂ, ಇಲ್ಲಿ ನನ್ನ ಲೆವೆಲ್ಲಿಗೆ ಆಡೋರು ಯಾರೂ ಇಲ್ಲ. ಸೋತೋರು ಟೇಬಲ್ ಮೇಲೆ ತಪ್ಪು ಹಾಕ್ತಾರೆ. ನೀವು ಚೆಕ್ ಮಾಡಿ ಸರಿ ಇದೆ ಅಂತ ಬರೆದುಕೊಟ್ಟುಬಿಡಿ, ಬಾಯಿ ಮುಚ್ಚಿಸ್ತೀನಿ."

ಮೇಸ್ತ್ರಿ ಲೆವೆಲ್ ಇಟ್ಟು ನೋಡಿದ್ರು. ಟೇಬಲ್ ಎಡಗಡೆ ಮೂಲೆಗೆ ಚೆನ್ನಾಗೇ ವಾಲಿತ್ತು. ಬರೆದುಕೊಡೋ ಮಾತೇ ಇಲ್ಲ. ಅಂಗಿ ತೋಳು ಮಡಚಿದವರು ಸಂಜೆ ತನಕ ತಲೆ ಎತ್ತಲಿಲ್ಲ. ಹೊರಡುವಾಗ ಟೇಬಲ್ ಮೇಲೆ ಚೆಂಡು ಇಟ್ಟರೆ ಇಟ್ಟಲ್ಲೇ ಇತ್ತು. ಸೆಕ್ರೆಟರಿ ಸಾಹೇಬರು ಬೆನ್ನು ತಟ್ಟಿದ್ರು.

ಹದಿನೈದು ದಿನಕ್ಕೆ ನನಗೆ ಸೆಕ್ರೆಟರಿ ಸಾಹೇಬರ ಫೋನ್. ಧ್ವನಿ ಪಿಸುಮಾತಲ್ಲಿತ್ತು. "ಮೇಡಂ, ಈ ವಾರ ನಾನು ನಾಲ್ಕು ಆಟ ಸೋತೆ. ಒಂದರಲ್ಲಿ ನಮ್ಮ ಮಾವನ ಹತ್ರ. ಅವರಿಗೆ ಕಣ್ಣಿನ ಪೊರೆ ಇದೆ." ಪಾಪ, ಮೂರು ವರ್ಷದಲ್ಲಿ ಅವರೊಬ್ಬರೇ ಆ ವಾಲಿಕೆಯನ್ನ ಪೂರ್ತಿ ಕರಗತ ಮಾಡಿಕೊಂಡಿದ್ದರು. ಚೆಂಡು ಎಲ್ಲಿ ಹೊರಳುತ್ತೆ ಅಂತ ಅವರಿಗೆ ಮಾತ್ರ ಗೊತ್ತಿತ್ತು. "ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡೋಕಾಗುತ್ತಾ? ಯಾರಿಗೂ ಹೇಳಬೇಡಿ."

ನಾನು ಫೋನನ್ನ ಮೇಸ್ತ್ರಿ ಕೈಗೆ ಕೊಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು ಬಹಳ ಮರ್ಯಾದೆಯಿಂದ ಹೇಳಿದ್ರು, "ಆಗಂಗಿಲ್ರಿ ಸಾಹೇಬ್ರ. ನೆಟ್ಟಗಿದ್ದದ್ದನ್ನ ಸ್ವಾಟ ಮಾಡೂ ಕೆಲಸ ನಾ ಕಲ್ತಿಲ್ಲ. ನಿಮ್ಮ ಮಾವನವರಿಗೆ ಆಪರೇಶನ್ ಆಗೂದ್ರಾಗ ನೀವ ನೆಟ್ಟಗಿನ ಟೇಬಲ್ ಮ್ಯಾಲ ಆಡೂದು ಕಲ್ತುಬಿಡ್ರಿ."

೪. ಕಾಲು ರೊಟ್ಟಿ

ಇಂಥಾ ಮನುಷ್ಯನಿಗೆ ನಾನೇ ನನ್ನ ಕೈಯಾರೆ 'ಲೆವೆಲ್ ಒಂದು' ಅಂತ ಬರೆದೆ. ಈಗಲೂ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ.

ಆಗಿದ್ದು ಇಷ್ಟು. ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿ ನಮಗೆ ವರ್ಷವಿಡೀ ಕೆಲಸ ಕೊಡೋಕೆ ಒಪ್ಪಿತು. ಆದರೆ ಅವರದೊಂದು ರೂಲು. ನಮ್ಮ ಕೆಲಸಗಾರರ ಹೆಸರು ಬರೆದು, ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಚಕ್ರ ಬರೆದು, ಗೋಡೆಗೆ ಚಾರ್ಟ್ ಹಾಕಬೇಕು. ಚಕ್ರದಲ್ಲಿ ನಾಲ್ಕು ಭಾಗ. ಹೊಸಬನಾದರೆ ಕಾಲು ಭಾಗಕ್ಕೆ ಬಣ್ಣ, ಅದು ಲೆವೆಲ್ ಒಂದು. ಎಲ್ಲಾ ಬಲ್ಲವನಾದರೆ ಪೂರ್ತಿ ಬಣ್ಣ, ಅದು ಲೆವೆಲ್ ನಾಲ್ಕು. ಅವರ ಕಂಪನಿಯೊಳಗೆ ಮಷೀನ್ ಮುಟ್ಟೋಕೆ ಲೆವೆಲ್ ಮೂರೋ ನಾಲ್ಕೋ ಇರಲೇಬೇಕು. ಯಾರಿಗೆ ಯಾವ ಲೆವೆಲ್ ಅನ್ನೋದನ್ನ ಸರ್ಟಿಫಿಕೇಟ್ ನೋಡಿ ಬರೀಬೇಕು. ಮೇಸ್ತ್ರಿ ಹತ್ರ ಏಳನೇ ಕ್ಲಾಸಿನ ಅಂಕಪಟ್ಟಿಯೂ ಇರಲಿಲ್ಲ.

"ಏನ್ ಮಾಡೋದಮ್ಮ, ಅವರ ರೂಲು" ಅಂದ್ರು ಯಜಮಾನರು. ಅವರ ಮುಖವೂ ಸಣ್ಣಗಾಗಿತ್ತು. ನಾನು ಹಲ್ಲು ಕಚ್ಚಿಕೊಂಡು ಬರೆದೆ.

ಮಾರನೇ ದಿನ ಮೇಸ್ತ್ರಿ ಚಾರ್ಟಿನ ಮುಂದೆ ಬಹಳ ಹೊತ್ತು ನಿಂತರು. "ಇದೇನ್ರಿ ಮೇಡಮ್ಮಾರ, ಎಲ್ಲಾರಿಗೂ ಮುಕ್ಕಾಲು, ಪೂರಾ ರೊಟ್ಟಿ ಬಡಿಸಿ ನನಗ ಕಾಲ್ ರೊಟ್ಟಿ ಇಟ್ಟೀರಿ?"

ನಾನು ತಡವರಿಸಿಕೊಂಡು ರೂಲು, ಸರ್ಟಿಫಿಕೇಟು ಎಲ್ಲಾ ಹೇಳಿದೆ. ಅವರು ತಲೆಯಾಡಿಸಿದ್ರು. "ಇರ್ಲಿ ಬಿಡ್ರಿ. ಹ್ಯಾಂಗೂ ಸಕ್ಕರಿ ಬ್ಯಾನಿ ಐತಿ, ಡಾಕ್ಟರು ಕಮ್ಮಿ ಉಣ್ಣಾಕ ಹೇಳ್ಯಾರ."

ನಾನು ನಕ್ಕುಬಿಟ್ಟೆ. ಆಮೇಲೆ ಸ್ಟೋರಿನ ಹಿಂದೆ ಹೋಗಿ ಅತ್ತೆ.

ಆದರೆ ಇದು ನಗುವಲ್ಲಿ ಮುಗಿಯೋ ವಿಷಯ ಆಗಿರಲಿಲ್ಲ. ಲೆವೆಲ್ ಒಂದರವರು ಹೊರಗಿನ ಕೆಲಸಕ್ಕೆ ಹೋಗೋ ಹಾಗಿಲ್ಲ. ಮೇಸ್ತ್ರಿಯನ್ನ ಗೋಡೌನಲ್ಲಿ ಹಲಗೆ, ಹಗ್ಗ ನೋಡ್ಕೊಳ್ಳೋಕೆ ಬಿಟ್ಟರು. ಡಿಪ್ಲೊಮಾ ಮುಗಿಸಿ ಎಂಟು ತಿಂಗಳಾದ ನಮ್ಮ ಇಂಜಿನಿಯರ್ ಒಬ್ಬ ಲೆವೆಲ್ ಮೂರು. ಅವನು ಹೋದಲ್ಲೆಲ್ಲಾ ಬಾತ್‌ರೂಮಿಗೆ ಹೋಗೋ ನೆಪದಲ್ಲಿ ಗೋಡೌನಿಗೆ ಫೋನ್ ಮಾಡಿ 'ಅಣ್ಣಾ, ಮೊದಲು ಯಾವ ಬೋಲ್ಟು?' ಅಂತ ಕೇಳೋನು.

ಒಂದು ತಿಂಗಳಾದ ಮೇಲೆ ಮೇಸ್ತ್ರಿ ನನ್ನ ಟೇಬಲ್ ಹತ್ರ ಬಂದ್ರು. "ಮೇಡಮ್ಮಾರ, ಹಲಗಿ ಕಾಯಾಕ ನನಗ ಆಗಂಗಿಲ್ರಿ. ಕೈ ಸುಮ್ನ ಕುಂತ್ರ ತಲಿ ಕೆಡತೈತಿ. ದಸರಾ ಮುಗಿಸಿ ಕೆಲಸ ಬಿಡತೀನಿ."

ಆ ದಿನವೇ ಎಲೆಕ್ಟ್ರಾನಿಕ್ ಸಿಟಿಗೆ ಫೋನ್ ಹಚ್ಚಿ ಜಗಳ ತೆಗೆದೆ. ಮೂರು ಜನರನ್ನ ದಾಟಿ ಕೊನೆಗೆ ಅವರ ಕ್ವಾಲಿಟಿ ಆಫೀಸರ್ ಸಿಕ್ಕಿದ್ರು. ಅವರು ತಣ್ಣಗೆ ಹೇಳಿದ್ರು, "ಪ್ರಾಕ್ಟಿಕಲ್ ಟೆಸ್ಟ್ ಕೊಡ್ತೀನಿ. ಪಾಸಾದ್ರೆ ನೇರವಾಗಿ ಲೆವೆಲ್ ನಾಲ್ಕು, ಸರ್ಟಿಫಿಕೇಟ್ ಕೇಳಲ್ಲ. ಫೇಲಾದ್ರೆ ಇನ್ನೊಂದು ಚಾನ್ಸ್ ಇಲ್ಲ. ಹಬ್ಬದ ರಜೆ ಮುಗಿದ ಮೊದಲನೇ ದಿನ ಕರ್ಕೊಂಡು ಬನ್ನಿ."

೫. ಪರೀಕ್ಷೆ

ಆಯುಧಪೂಜೆ, ವಿಜಯದಶಮಿ ಎರಡೂ ಮುಗಿದ ಬೆಳಗ್ಗೆ ಹೊರಟ್ವಿ. ಮಾಕಳಿಯಿಂದ ಎಲೆಕ್ಟ್ರಾನಿಕ್ ಸಿಟಿ ಅಂದ್ರೆ ಇಡೀ ಊರು ದಾಟಬೇಕು. ನಾನು ದಾರಿಯುದ್ದಕ್ಕೂ 'ಮೇಸ್ತ್ರಿ, ಅವರು ಇಂಗ್ಲಿಷಲ್ಲಿ ಕೇಳಿದ್ರೆ ಗಾಬರಿ ಆಗಬೇಡಿ, ಹೆಲ್ಮೆಟ್ ಮರೀಬೇಡಿ, ಎಲೆ ಅಡಿಕೆ ಉಗೀಬೇಡಿ' ಅಂತ ಕೊರೆದೆ. ಅವರು ಫ್ಲೈಓವರ್ ಮೇಲೆ ಒಂದೇ ಒಂದು ಮಾತಾಡಿದ್ರು. "ಕೈಯಾಗ ಕೆಲಸ ಕೊಟ್ರ ಸಾಕ್ರಿ."

ಕ್ವಾಲಿಟಿ ಆಫೀಸರ್ ಐವತ್ತೈದರ ಮನುಷ್ಯರು. ಇಸ್ತ್ರಿ ಮುರಿಯದ ಶರ್ಟು, ಜೇಬಲ್ಲಿ ಮೂರು ಪೆನ್ನು, ನಗು ಅಂತೂ ಹುಡುಕಿದ್ರೂ ಇಲ್ಲ. ಒಳಗೆ ಇನ್ನೂ ಬಾಳೆಕಂಬ ಒಣಗಿರಲಿಲ್ಲ, ಮಷೀನುಗಳ ಮೇಲೆಲ್ಲಾ ಚೆಂಡುಹೂವು, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಅವರು ಬೀರು ತೆಗೆದು ಮರದ ಪೆಟ್ಟಿಗೆಯಿಂದ ತಮ್ಮ ಲೆವೆಲ್ಲನ್ನ ಮಗುವನ್ನ ಎತ್ತಿಕೊಳ್ಳೋ ಹಾಗೆ ಎತ್ತಿಕೊಂಡರು.

"ಇದು ಜರ್ಮನಿಯದು. ಹೋದ ತಿಂಗಳು ತಪಾಸಣೆ ಆಗಿ ಸರ್ಟಿಫಿಕೇಟ್ ಬಂದಿದೆ. ಈ ಗ್ರೈಂಡಿಂಗ್ ಮಷೀನು ಎರಡು ಗೆರೆ ವಾಲಿದೆ, ಬೆಳಗ್ಗೆ ನಾನೇ ನೋಡಿದ್ದೀನಿ. ಸರಿ ಮಾಡಿ. ಒಂದು ಗಂಟೆ ಟೈಮು." ಗಡಿಯಾರ ನೋಡಿ ಬರೆದುಕೊಂಡ್ರು.

ಮೇಸ್ತ್ರಿ ಲೆವೆಲ್ಲನ್ನ ಮಷೀನ್ ಮೇಲಿಟ್ಟರು. ಗುಳ್ಳೆ ಎಡಕ್ಕೆ ಎರಡು ಗೆರೆ ಓಡಿತು. ಹೇಳಿದ್ದು ನಿಜ. ಈಗ ಸ್ಪ್ಯಾನರ್ ತಗೋತಾರೆ ಅಂತ ನಾನು ಕಾದೆ. ತಗೊಳ್ಳಲಿಲ್ಲ. ಲೆವೆಲ್ಲನ್ನ ಎತ್ತಿ, ಎಡದ ತುದಿ ಬಲಕ್ಕೆ ಬರೋ ಹಾಗೆ ತಿರುಗಿಸಿ ಅದೇ ಜಾಗದಲ್ಲಿಟ್ಟರು. ನೋಡಿದ್ರು. ಮತ್ತೆ ತಿರುಗಿಸಿ ಇಟ್ಟರು. ಆಮೇಲೆ ಕೈ ಕಟ್ಟಿ ನಿಂತುಬಿಟ್ಟರು.

ಐದು ನಿಮಿಷ ಹೋಯ್ತು. ಹತ್ತಾಯ್ತು. ಆಫೀಸರ್ ಹಾಳೆಯಲ್ಲಿ ಏನೋ ಗೀಚಿದ್ರು. ಬಗ್ಗಿ ನೋಡಿದೆ, 'ಮಷೀನ್ ಮುಟ್ಟಿಲ್ಲ' ಅಂತ ಇಂಗ್ಲಿಷಲ್ಲಿ ಬರೆದಿದ್ದರು. ಪಕ್ಕಕ್ಕೆ ಹೋಗಿ ಹಲ್ಲು ಬಿಗಿ ಹಿಡಿದು, "ಮೇಸ್ತ್ರಿ, ಏನ್ ನೋಡ್ತಿದ್ದೀರಿ? ಬೋಲ್ಟ್ ಹಿಡೀರಿ!" ಅಂದೆ.

ಅವರು ನನಗೆ ಮಾತ್ರ ಕೇಳೋ ಹಾಗೆ ಹೇಳಿದ್ರು, "ನೀವೂ ನೋಡ್ರಲಾ. ಮಷೀನ್ ವಾಲಿದ್ರ, ಲೆವೆಲ್ ಹ್ಯಾಂಗ ತಿರುವಿದ್ರೂ ಗುಳ್ಳಿ ಎಡಕ್ಕನ ನಿಂದರಬೇಕು. ಇದು ಲೆವೆಲ್ಲಿನ ಕೂಡನ ತಿರುಗಿ ಬಲಕ್ಕ ಬರಾಕತ್ತೈತಿ. ಮಷೀನ್ ನೆಟ್ಟಗೈತ್ರಿ. ತಪ್ಪು ಸಾಹೇಬರ ಲೆವೆಲ್ಲಿಂದು. ಅಷ್ಟು ಮಂದಿ ಮುಂದ ಅವರಿಗೆ ಹ್ಯಾಂಗ ಹೇಳೂದಂತ ನಿಂತೀನಿ."

ನೋಡಿ, ಕೆಲಸ ಹೋಗೋ ಹೊತ್ತಲ್ಲಿ ಈ ಮನುಷ್ಯ ಯೋಚಿಸ್ತಿದ್ದಿದ್ದು ಸಾಹೇಬರ ಮರ್ಯಾದೆ! ಅವರ ಮೇಲೆ ನನಗೆ ಅಷ್ಟು ಸಿಟ್ಟೂ ಅಷ್ಟು ಗೌರವವೂ ಒಟ್ಟಿಗೇ ಬಂದಿದ್ದು ಅವತ್ತೇ.

ಕೊನೆಗೆ ಅವರು ಲೆವೆಲ್ಲನ್ನ ಎತ್ತಿ ಮಗುಚಿದ್ರು. ಅಡಿಯಲ್ಲಿ, ಒಂದು ತುದಿಯಲ್ಲಿ, ಒಣಗಿ ಅಂಟಿಕೊಂಡ ಅರಿಶಿನ ಕುಂಕುಮ. ಯಾರೋ ಒರೆಸಿದ್ದರು, ಆದರೂ ತೆಳುವಾದ ಪದರ ಉಳಿದುಕೊಂಡಿತ್ತು. ಎರಡು ಗೆರೆ ತಪ್ಪೋಕೆ ಅಷ್ಟು ಧಾರಾಳ ಸಾಕು.

ಮೇಸ್ತ್ರಿ ಶೂ ಬಿಚ್ಚಿದ್ರು. ಲೆವೆಲ್ಲನ್ನ ಕಣ್ಣಿಗೊತ್ತಿಕೊಂಡರು. ಹೆಗಲ ಮೇಲಿನ ಟವೆಲ್ ಮುಟ್ಟದೆ, ಜೇಬಿಂದ ಒಗೆದ ಕರ್ಚೀಫು ತೆಗೆದು, ಒಂಚೂರು ಸೀಮೆಎಣ್ಣೆ ತಾಗಿಸಿ ಅಡಿಯನ್ನ ತಿಕ್ಕಿ ತಿಕ್ಕಿ ಒರೆಸಿದ್ರು. ಪೂಜೆ ಮಾಡಿದ ಕುಂಕುಮ ನೆಲಕ್ಕೆ ಬೀಳಬಾರದಲ್ಲ, ಬೆರಳಿಗೆ ಬಂದಿದ್ದನ್ನ ಹಣೆಗೆ ಹಚ್ಚಿಕೊಂಡರು. ಲೆವೆಲ್ ಇಟ್ಟರು. ಗುಳ್ಳೆ ನಟ್ಟನಡುವೆ ಬಂದು ನಿಂತಿತು. ತಿರುಗಿಸಿಟ್ಟರು. ಅಲ್ಲೇ ನಿಂತಿತು.

"ಮುಗೀತ್ರಿ ಸಾಹೇಬ್ರ" ಅಂದ್ರು.

ಆಫೀಸರ್ ಬಂದು ನೋಡಿದ್ರು. ಲೆವೆಲ್ ನೋಡಿದ್ರು, ಮೇಸ್ತ್ರಿ ಹಣೆ ನೋಡಿದ್ರು, ಮತ್ತೆ ಲೆವೆಲ್ ನೋಡಿದ್ರು. "ಮೇಲೆ ಹಚ್ಚಿದ್ರೆ ಗಾಜಿಗೆ ಅಂಟುತ್ತೆ ಅಂತ ನಾನೇ ಜೋಪಾನವಾಗಿ ಅಡೀಲಿ ಹಚ್ಚಿದ್ದೆ ಕಣ್ರೀ" ಅಂದ್ರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಭಕ್ತಿ ಅಡಿಯಾಗ ಇರಬೇಕಲ್ರಿ, ತಪ್ಪೇನಿಲ್ಲ" ಅಂದ್ರು ಮೇಸ್ತ್ರಿ.

ಅಷ್ಟರಲ್ಲಿ ಶೆಡ್ಡಿನ ಆ ತುದಿಯಿಂದ ಅವರದೇ ಕಂಪನಿಯ ಒಬ್ಬ ಇಂಜಿನಿಯರ್ ಬೆವರು ಒರೆಸಿಕೊಳ್ತಾ ಓಡಿಬಂದ. "ಸಾರ್, ನೀವು ಬೆಳಗ್ಗೆ ಲೆವೆಲ್ ಇಟ್ಟು ವಾಲಿದೆ ಅಂದ್ರಲ್ಲ, ಆ ಎರಡು ಮಷೀನೂ ಸರಿ ಮಾಡಿದ್ವಿ ಸಾರ್. ಎಂಟು ಜನ ಸೇರಿ ಈಗ ತಾನೇ ಮುಗಿಸಿದ್ವಿ!"

ಆಫೀಸರ್ ನಿಧಾನಕ್ಕೆ ಅಲ್ಲೇ ಒಂದು ಸ್ಟೂಲ್ ಮೇಲೆ ಕೂತ್ಕೊಂಡರು. ಮೇಸ್ತ್ರಿ ಸ್ಪ್ಯಾನರ್ ಕೈಗೆತ್ತಿಕೊಂಡು, "ಗಾಬರಿ ಆಗಬ್ಯಾಡ್ರಿ, ಊಟದ ಒಳಗ ಮೊದಲಿನಂಗ ಮಾಡತೀನಿ. ಯಾಕ ಬಿಚ್ಚಿದ್ರಿ ಅಂತ ಯಾರರ ಕೇಳಿದ್ರ ನನ್ನ ಪರೀಕ್ಷಾಕ ಬಿಚ್ಚಿದ್ವಿ ಅಂತ ಹೇಳ್ರಿ" ಅಂತ ಹೊರಟೇಬಿಟ್ಟರು.

ಆಫೀಸರ್ ಹಾಳೆಯಲ್ಲಿ 'ಮಷೀನ್ ಮುಟ್ಟಿಲ್ಲ' ಅನ್ನೋ ಸಾಲನ್ನ ಹೊಡೆದುಹಾಕಲಿಲ್ಲ. ಅದರ ಕೆಳಗೇ 'ಮುಟ್ಟಬೇಕಾಗಿರಲಿಲ್ಲ' ಅಂತ ಬರೆದು ಸೈನ್ ಹಾಕಿದ್ರು.

೬. ಓಣಿಯ ಲೆಕ್ಕದಲ್ಲಿ

ಭಾನುವಾರ ಬೆಳಗ್ಗೆ ಆಫೀಸರ್ ಕಳಿಸಿದ ಪತ್ರ ಹಿಡ್ಕೊಂಡು ನಾನೇ ಮೇಸ್ತ್ರಿ ಮನೆಗೆ ಹೋದೆ. ಮಾಕಳಿಯ ಒಳಗಡೆ ಸಾಲಾಗಿ ಕಟ್ಟಿದ ಬಾಡಿಗೆ ರೂಮುಗಳು, ಅದರಲ್ಲಿ ಒಂದು ಅವರದು. ಅವರ ಹೆಂಡತಿಯನ್ನ ನಾನು ಸರಿಯಾಗಿ ಮಾತಾಡಿಸಿದ್ದೂ ಅವತ್ತೇ ಮೊದಲು. ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡ್ತಾ ಕೂತಿದ್ದರು. ಮೇಸ್ತ್ರಿ ಒಳಗೆ ಪಂಚೆ ಉಟ್ಟು ಚಹಾ ಕುಡೀತಿದ್ದರು.

ನನಗೆ 'ನಮಸ್ಕಾರ' ಅನ್ನೋಷ್ಟೂ ತಾಳ್ಮೆ ಇರಲಿಲ್ಲ. ಪತ್ರ ಎತ್ತಿ ಹಿಡಿದು ಇಡೀ ಸಾಲಿಗೇ ಕೇಳೋ ಹಾಗೆ ಕೂಗಿದೆ, "ಅಕ್ಕಾ, ನಿಮ್ಮ ಯಜಮಾನರಿಗೆ ಲೆವೆಲ್ ನಾಲ್ಕು ಬಂದಿದೆ!"

ಮೊರ ನಿಂತುಹೋಯ್ತು. "ನಾಕಾ?" ಅಂದ್ರು ಆ ತಾಯಿ. "ಯಾಕ್ರೀ ಅಕ್ಕಾರ, ಏನ್ ತಪ್ಪು ಮಾಡಿದ್ರು ಇವರು?"

ನಾನು ಬಾಯಿ ತೆರೆಯೋಷ್ಟರಲ್ಲಿ ಅವರೇ ಹೇಳಿದ್ರು, "ಆವತ್ತ ಗ್ವಾಡಿಗೆ ಪಟ್ಟಿ ಹಚ್ಚಿದ ದಿನ ಮನಿಗೆ ಬಂದು, ನನಗ ಲೆವೆಲ್ ಒಂದು ಕೊಟ್ಟಾರ, ಇಡೀ ಕಂಪನಿಯಾಗ ಒಂದು ಬಂದಿದ್ದು ನನಗೊಬ್ಬಂಗ ಅಂದಿದ್ರಲ್ರಿ. ನಾ ಓಣಿಗೆಲ್ಲ ಶೇಂಗಾ ಹೋಳಿಗಿ ಹಂಚೀನಿ! ಮೂರು ಮಂದಿ ಇವರನ್ನ ದಾಟಿ ಹೋದ್ರೇನು?"

ಅವರ ಹಿಂದೆ ಮೇಸ್ತ್ರಿ ಎದ್ದು ನಿಂತಿದ್ದರು. ಅಷ್ಟು ದೊಡ್ಡ ಆಫೀಸರ ಮುಂದೆ ಅಲುಗಾಡದ ಮನುಷ್ಯ ಚಹಾದ ಲೋಟ ಕೆಳಗಿಡೋದೂ ಮರೆತು ನನ್ನನ್ನೇ ನೋಡ್ತಿದ್ದರು. ಕಣ್ಣಲ್ಲೇ 'ಬ್ಯಾಡ್ರಿ' ಅಂತ ಬೇಡಿಕೊಳ್ತಿದ್ದರು. ಗುಳ್ಳೆ ಅರ್ಧ ಗೆರೆ ಆಚೀಚೆ ಆದ್ರೂ ಒಪ್ಪದವರು ಮನೆಯಲ್ಲಿ ಇಷ್ಟು ದೊಡ್ಡ ಸುಳ್ಳು ಹೇಳಿದ್ದರು. ನಾನು ಬರೆದ ಆ ಕಾಲು ಚಕ್ರ ಅವರಿಗೆ ಎಷ್ಟು ನೋವು ಕೊಟ್ಟಿತ್ತು ಅಂತ ನನಗೆ ಆಗಲೇ ಗೊತ್ತಾಗಿದ್ದು.

ಜಗಳಕ್ಕೆ ನಿಂತರೆ ಎದುರಿಗಿದ್ದವರನ್ನ ಬಿಡದ ಹೆಂಗಸು ನಾನು. ಅವತ್ತು ತಲೆ ತಗ್ಗಿಸಿ, ಪತ್ರವನ್ನ ಮಡಚಿ, "ಹೂಂ ಅಕ್ಕಾ... ಈ ಸಲ ಸ್ವಲ್ಪ ಹಿಂದೆ ಬಿದ್ರು" ಅಂದೆ.

ಅವರು ಮೊರ ಪಕ್ಕಕ್ಕಿಟ್ಟರು. ಆಮೇಲೆ ಗಂಡನ ಕಡೆ ತಿರುಗಿ, "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಾಕು ಅಂದ್ರೂ ಕಮ್ಮಿ ಏನಲ್ಲ. ನೀವು ಚಾ ಕುಡೀರಿ" ಅಂದ್ರು. ಮೇಸ್ತ್ರಿ ಫೇಲಾದವರ ಹಾಗೆ ತಲೆ ಬಗ್ಗಿಸಿ ಚಹಾ ಕುಡಿದ್ರು.

ಬೀಳ್ಕೊಡೋಕೆ ನನ್ನ ಜೊತೆ ಸಾಲಿನ ತುದಿ ತನಕ ಬಂದ ಆ ತಾಯಿ ಆಚೀಚೆ ನೋಡಿ, ನನ್ನ ಕೈ ಹಿಡಿದು, ದನಿ ತಗ್ಗಿಸಿ ಹೇಳಿದ್ರು. "ಅಕ್ಕಾರ, ನೀವು ಈ ಮಾತು ಎಲ್ಲೂ ಆಡಬ್ಯಾಡ್ರಿ. ಓಣ್ಯಾಗ ನಾ ಇನ್ನೂ ಒಂದನೇ ನಂಬರ್ ಅಂತನ ಹೇಳತೀನಿ."